ಕೋಚ್‌ನ ತೆಗೀರಿ ಅಂತ ಕೂಗುವ ಮೊದಲು

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ. ನಿಮ್ಮಲ್ಲಿ ಕೆಲವರು ಪೆನ್ ಸ್ಟೇಟ್‌ನಲ್ಲಿ ಓದಿದವರು. ಕೆಲವರು ಟೆಕ್ಸಸ್ ಎ ಅಂಡ್ ಎಂ, ಕೆಲವರು ಫ್ಲಾರಿಡಾ, ಕೆಲವರು ವರ್ಜೀನಿಯಾ ಟೆಕ್. ಇನ್ನು ಕೆಲವರು ನನ್ನ ಹಾಗೆ ನೆಬ್ರಾಸ್ಕದ ಲಿಂಕನ್‌ಗೆ ಓದಲು ಬಂದು ಇಲ್ಲೇ ಉಳಿದವರು. ಬಂದ ಹೊಸದರಲ್ಲಿ ಈ ಆಟದ ತಲೆಬುಡ ಯಾರಿಗೂ ಗೊತ್ತಿರಲಿಲ್ಲ. ಈಗ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರ ಯಾರ ಮನೆಯಲ್ಲೂ ಪೂಜೆ, ನಾಮಕರಣ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ಯಾರೂ ಬರುವುದಿಲ್ಲ, ಅಲ್ವಾ?

ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಎರಡು ಪಂದ್ಯ ಸೋತರೆ ಸಾಕು, ‘ಕೋಚ್‌ನ ತೆಗೀರಿ’ ಎಂಬ ಕೂಗು ಏಳುತ್ತದೆ. ಆ ಕೂಗಿಗೆ ನಾವೂ ದನಿ ಸೇರಿಸುತ್ತಿದ್ದೇವೆ. ಮಕ್ಕಳೂ ನಮ್ಮ ಪಕ್ಕ ನಿಂತು ಅದನ್ನೇ ಕೂಗುತ್ತಿದ್ದಾರೆ. ದಯವಿಟ್ಟು ನಿಲ್ಲಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಆ ಕೂಗು ಯಾರನ್ನು ಗುರಿಯಾಗಿಟ್ಟುಕೊಂಡಿದೆಯೋ ಅವರಿಗೆ ತಟ್ಟುವುದಿಲ್ಲ. ತಟ್ಟುವುದು ಬೇರೆಯವರಿಗೆ.

ಊರಲ್ಲಿ ಕೂತು ಓದುತ್ತಿರುವವರಿಗಾಗಿ ಎರಡು ಮಾತು. ಇದು ನಮ್ಮ ಕಾಲ್ಚೆಂಡಿನ ಆಟ ಅಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ಯೂನಿವರ್ಸಿಟಿ ವಿದ್ಯಾರ್ಥಿಗಳು. 2025ರಲ್ಲಿ ಮೇಲಿನ ದರ್ಜೆಯಲ್ಲಿ 136 ತಂಡಗಳಿದ್ದವು. ಒಂದು ಸೀಸನ್‌ಗೆ ಸಾಮಾನ್ಯವಾಗಿ 12 ಪಂದ್ಯ, ಅದಾದ ಮೇಲೆ ಸಾಮಾನ್ಯವಾಗಿ ಆರಾದರೂ ಗೆದ್ದವರಿಗೆ ಬೌಲ್ ಎಂಬ ಒಂದು ಹೆಚ್ಚುವರಿ ಪಂದ್ಯ, ಮೇಲಿನ ಕೆಲವರಿಗೆ ರಾಷ್ಟ್ರೀಯ ಪ್ರಶಸ್ತಿಗಾಗಿ ಪ್ಲೇಆಫ್. ದೊಡ್ಡ ಸ್ಟೇಡಿಯಂಗಳಲ್ಲಿ ಲಕ್ಷ ಜನ ಕೂರುತ್ತಾರೆ. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಸಂಬಳ ಇರುವುದು ಗವರ್ನರ್‌ಗಲ್ಲ, ಸರ್ಕಾರಿ ಯೂನಿವರ್ಸಿಟಿಯ ಒಬ್ಬ ಕೋಚ್‌ಗೆ.

2025ರ ಸೀಸನ್ ನೆನಪಿಸಿಕೊಳ್ಳಿ. ಸೆಪ್ಟೆಂಬರ್ ಮುಗಿಯುವ ಮೊದಲೇ ವರ್ಜೀನಿಯಾ ಟೆಕ್ ತನ್ನ ಕೋಚ್ ಬ್ರೆಂಟ್ ಪ್ರೈ ಅವರನ್ನು ಕೆಲಸದಿಂದ ಕಳಿಸಿತು. ಒಕ್ಲಹೋಮ ಸ್ಟೇಟ್ ಮೈಕ್ ಗಂಡಿಯನ್ನು ಕಳಿಸಿತು. ಗಂಡಿ 2005ರಿಂದ ಅಲ್ಲಿ ಹೆಡ್ ಕೋಚ್, ಅದೇ ಯೂನಿವರ್ಸಿಟಿಗೆ ಆಡಿದ್ದವರು. ಆರ್ಕನ್ಸಾ ಸ್ಯಾಮ್ ಪಿಟ್‌ಮನ್ ಅವರನ್ನು ಕಳಿಸಿತು. ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್, ಫ್ಲಾರಿಡಾ, ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ಸಾಲಾಗಿ ಅದೇ ಕೆಲಸ ಮಾಡಿದವು. ನವೆಂಬರ್ ಶುರುವಿನಲ್ಲಿ ಆಬರ್ನ್. ಸೀಸನ್ ಮುಗಿಯುವ ಮೊದಲೇ ಹತ್ತಕ್ಕೂ ಹೆಚ್ಚು ಕೋಚ್‌ಗಳು ಮನೆಗೆ ಹೋಗಿದ್ದರು. ಫ್ಲಾರಿಡಾದ ಬಿಲ್ಲಿ ನೇಪಿಯರ್ ಅವರದಂತೂ ವಿಚಿತ್ರ. ಹಿಂದಿನ ದಿನ ಪಂದ್ಯ ಗೆದ್ದಿದ್ದರು. ಗೆದ್ದರೂ ಸ್ವಂತ ಅಭಿಮಾನಿಗಳೇ ಗೇಲಿ ಮಾಡಿ ಕೂಗಿದರು. ಮಾರನೇ ದಿನ ಕೆಲಸ ಹೋಯಿತು.

ಪೆನ್ ಸ್ಟೇಟ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಜೇಮ್ಸ್ ಫ್ರಾಂಕ್ಲಿನ್ 2014ರಲ್ಲಿ ಅಲ್ಲಿಗೆ ಬಂದರು. ಹಿಂದಿನ ಹಗರಣಕ್ಕೆ ಸಿಕ್ಕ ಶಿಕ್ಷೆಯ ಭಾರ ಆಗಿನ್ನೂ ತಂಡದ ಮೇಲಿತ್ತು. 2016ರಲ್ಲಿ ತಂಡ ಆಡುವ ಬಿಗ್ ಟೆನ್ ಎಂಬ ಲೀಗ್ ಗೆಲ್ಲಿಸಿದರು. 2025ರ ಜನವರಿಯಲ್ಲಿ ತಂಡ ರಾಷ್ಟ್ರೀಯ ಪ್ಲೇಆಫ್ ಸೆಮಿಫೈನಲ್ ಆಡಿತು. ಆಗಸ್ಟ್‌ನಲ್ಲಿ ದೇಶದ ಎರಡನೇ ರ‍್ಯಾಂಕ್‌ನೊಂದಿಗೆ ಸೀಸನ್ ಶುರು ಮಾಡಿದರು. ಸೆಪ್ಟೆಂಬರ್ 27ಕ್ಕೆ ಆರೆಗನ್ ವಿರುದ್ಧ ಎರಡು ಓವರ್‌ಟೈಮ್ ಆಡಿ ಸೋತರು. ಅವತ್ತೇ ಸ್ಟೇಡಿಯಂನಲ್ಲಿ ‘ಫೈರ್ ಫ್ರಾಂಕ್ಲಿನ್’ ಕೂಗು ಎದ್ದಿತು. ಮುಂದಿನ ವಾರ ಅಲ್ಲಿಯವರೆಗೆ ಒಂದೂ ಪಂದ್ಯ ಗೆಲ್ಲದ ಯುಸಿಎಲ್‌ಎ ಎದುರು ಸೋಲು. ಅದರ ಮುಂದಿನ ವಾರ ಮನೆಯಂಗಳದಲ್ಲೇ ನಾರ್ತ್‌ವೆಸ್ಟರ್ನ್ ಎದುರು ಒಂದು ಪಾಯಿಂಟ್‌ನಿಂದ ಸೋಲು. ಅಕ್ಟೋಬರ್ 12, ಭಾನುವಾರ, ಫ್ರಾಂಕ್ಲಿನ್ ಕೆಲಸ ಮುಗಿಯಿತು. 104 ಗೆಲುವು, 45 ಸೋಲು. ಸೆಮಿಫೈನಲ್ ಆಡಿ ಒಂಬತ್ತು ತಿಂಗಳು ಆಗಿತ್ತು ಅಷ್ಟೆ.

ಪೆನ್ ಸ್ಟೇಟ್ ಗೆಳೆಯರ ಸಿಟ್ಟು ನನಗೆ ಅರ್ಥ ಆಗುತ್ತದೆ. ದೊಡ್ಡ ತಂಡಗಳ ಎದುರು ಫ್ರಾಂಕ್ಲಿನ್ ಪದೇಪದೇ ಸೋಲುತ್ತಿದ್ದರು. ಹತ್ತರೊಳಗಿನ ರ‍್ಯಾಂಕ್ ಇರುವ ತಂಡಗಳ ಎದುರು 25 ಪಂದ್ಯಗಳಲ್ಲಿ ನಾಲ್ಕೇ ಗೆಲುವು. ಅದನ್ನು ಎತ್ತಿ ಹೇಳುವುದು ನ್ಯಾಯವೇ. ಆದರೆ ಮುಂದೇನಾಯಿತು ನೋಡಿ. ಹೊಸ ಕೋಚ್ ಹುಡುಕಲು ಡಿಸೆಂಬರ್ ಬಂತು. ಅಷ್ಟರಲ್ಲಿ ಸೇರಲು ಒಪ್ಪಿದ್ದ ಹೈಸ್ಕೂಲ್ ಹುಡುಗರು ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟರು. ಸಹಿ ಹಾಕುವ ದಿನ ಬಂದಾಗ ಉಳಿದವರು ಬೆರಳೆಣಿಕೆಯಷ್ಟು. ಫ್ರಾಂಕ್ಲಿನ್‌ಗೆ ನವೆಂಬರ್‌ನಲ್ಲೇ ವರ್ಜೀನಿಯಾ ಟೆಕ್‌ನಲ್ಲಿ ಕೆಲಸ ಸಿಕ್ಕಿತು. ಪೆನ್ ಸ್ಟೇಟ್‌ಗೆ ಬರಬೇಕಿದ್ದ ಕೆಲವು ಹುಡುಗರು ಅವರ ಹಿಂದೆಯೇ ಅಲ್ಲಿಗೆ ಹೋದರು.

ಈಗ ದುಡ್ಡಿನ ವಿಷಯ. ನನ್ನ ತಕರಾರಿನ ಬೇರು ಇಲ್ಲೇ ಇದೆ.

ಕೋಚ್‌ನ ಒಪ್ಪಂದ ಮುಗಿಯುವ ಮೊದಲೇ ಕಳಿಸಿದರೆ ಯೂನಿವರ್ಸಿಟಿ ಅವರಿಗೆ ಬಾಕಿ ಹಣ ಕೊಡಬೇಕು. ಅದಕ್ಕೆ ಬೈಔಟ್ ಅನ್ನುತ್ತಾರೆ. ಫ್ರಾಂಕ್ಲಿನ್ ಅವರದು ಸುಮಾರು 4.9 ಕೋಟಿ ಡಾಲರ್ ಇತ್ತು. ಬೇರೆ ಕೆಲಸ ಸಿಕ್ಕಿದ್ದರಿಂದ ಕೊನೆಗೆ 90 ಲಕ್ಷ ಡಾಲರ್‌ಗೆ ಇಳಿಯಿತು. ಎಲ್‌ಎಸ್‌ಯುನ ಬ್ರಯನ್ ಕೆಲ್ಲಿ ಅವರದು ಸುಮಾರು 5.4 ಕೋಟಿ ಡಾಲರ್. ಇವೆಲ್ಲಕ್ಕಿಂತ ದೊಡ್ಡದು ಟೆಕ್ಸಸ್ ಎ ಅಂಡ್ ಎಂನ ಜಿಂಬೊ ಫಿಷರ್ ಅವರದು. 2023ರ ನವೆಂಬರ್‌ನಲ್ಲಿ ಒಂದು ಶನಿವಾರ ಅವರ ತಂಡ ಮಿಸಿಸಿಪ್ಪಿ ಸ್ಟೇಟ್ ಮೇಲೆ 51-10ರಿಂದ ಗೆದ್ದಿತು. ಭಾನುವಾರ ಅವರನ್ನು ಕಳಿಸಿದರು. ಕೊಡಬೇಕಾದ ಹಣ 7.5 ಕೋಟಿ ಡಾಲರ್‌ಗೂ ಹೆಚ್ಚು.

ಇಷ್ಟು ದೊಡ್ಡ ಮೊತ್ತ ಯಾಕೆ ಬರೆದುಕೊಟ್ಟರು? ನಮ್ಮ ಆತುರಕ್ಕೆ ಹೆದರಿ. ಫಿಷರ್ 2020ರಲ್ಲಿ ಒಂದು ಒಳ್ಳೆಯ ಸೀಸನ್ ಕೊಟ್ಟರು, ಒಂದೇ ಸೋಲು. ಬೇರೆಯವರು ಹೊತ್ತೊಯ್ದಾರು ಎಂದು 2021ರಲ್ಲಿ ಒಪ್ಪಂದವನ್ನು 2031ರವರೆಗೆ ಎಳೆದು, ಸುಮಾರು 9.5 ಕೋಟಿ ಡಾಲರ್ ಖಾತ್ರಿಯಾಗಿ ಬರೆದುಕೊಟ್ಟರು. ಅದೇ ವರ್ಷ ಮಿಶಿಗನ್ ಸ್ಟೇಟ್ ಕೂಡ ಮೆಲ್ ಟಕ್ಕರ್‌ಗೆ ಹತ್ತು ವರ್ಷದ, 9.5 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ಫ್ರಾಂಕ್ಲಿನ್‌ನ ಹತ್ತು ವರ್ಷದ ಒಪ್ಪಂದವೂ 2021ರದೇ. 2025ರಲ್ಲಿ ಪೆನ್ ಸ್ಟೇಟ್ ಕುರ್ಚಿ ಖಾಲಿಯಾಗಿ ನಾಲ್ಕು ದಿನಕ್ಕೆ ಇಂಡಿಯಾನ ತನ್ನ ಕೋಚ್ ಕರ್ಟ್ ಸಿಗ್ನೆಟ್ಟಿಗೆ ಹೊಸ ಎಂಟು ವರ್ಷದ ಒಪ್ಪಂದ ಕೊಟ್ಟಿತು. ಅಕ್ಟೋಬರ್ ಕೊನೆಗೆ ನಮ್ಮ ನೆಬ್ರಾಸ್ಕವೂ ಮ್ಯಾಟ್ ರೂಲ್ ಅವರ ಒಪ್ಪಂದವನ್ನು ಎರಡು ವರ್ಷ ಮುಂದಕ್ಕೆ ಎಳೆಯಿತು. ಒಂದು ಕಡೆ ತೆಗೆದರೆ ಹತ್ತು ಕಡೆ ಗಾಬರಿ. ಆ ಗಾಬರಿಯನ್ನು ಏಜೆಂಟರು ಚೆನ್ನಾಗಿ ಬಲ್ಲರು.

ಅಂದರೆ ಕೂಗು ಜಾಸ್ತಿಯಾದಷ್ಟೂ ಹೆಡ್ ಕೋಚ್‌ನ ಒಪ್ಪಂದ ಭದ್ರವಾಗುತ್ತಿದೆ. ‘ಮೂರು ವರ್ಷಕ್ಕೆ ನನ್ನನ್ನು ಓಡಿಸುತ್ತೀರಿ ಅಂತ ಗೊತ್ತು, ಹತ್ತು ವರ್ಷದ ದುಡ್ಡು ಮೊದಲೇ ಬರೆದುಕೊಡಿ’ ಎಂದು ಯಾರೇ ಆಗಲಿ ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ. ಹಾಗಾಗಿ ಫಿಷರ್ ಬಗ್ಗೆಯೋ ಕೆಲ್ಲಿ ಬಗ್ಗೆಯೋ ಮರುಕ ಪಡಿ ಎಂದು ನಾನು ಕೇಳುತ್ತಿಲ್ಲ. ಅವರ ಮುಂದಿನ ತಲೆಮಾರೂ ಸುಖವಾಗಿರುತ್ತದೆ.

ನನಗೆ ಚಿಂತೆ ಇರುವುದು ಅವರ ಕೆಳಗಿರುವವರದು. ಒಬ್ಬ ಹೆಡ್ ಕೋಚ್ ಕೆಳಗೆ ಸುಮಾರು ಹತ್ತು ಜನ ಅಸಿಸ್ಟೆಂಟ್ ಕೋಚ್‌ಗಳು ಇರುತ್ತಾರೆ. ಅವರಲ್ಲದೆ ವ್ಯಾಯಾಮ ಮಾಡಿಸುವವರು, ವಿಡಿಯೋ ನೋಡಿ ಎದುರಾಳಿಯನ್ನು ಅಳೆಯುವವರು, ಹೈಸ್ಕೂಲ್ ಹುಡುಗರ ಮನೆಮನೆಗೆ ಹೋಗುವ ರಿಕ್ರೂಟಿಂಗ್‌ನವರು, ಆಫೀಸಿನವರು. ಇವರ ಒಪ್ಪಂದ ಸಾಮಾನ್ಯವಾಗಿ ಒಂದು, ಎರಡು, ಹೆಚ್ಚೆಂದರೆ ಮೂರು ವರ್ಷದ್ದು. ಕೆಲವರಿಗೆ ಅದೂ ಇಲ್ಲ. ಹೊಸ ಹೆಡ್ ಕೋಚ್ ತನ್ನ ಜನರನ್ನು ಕರೆತರುತ್ತಾರೆ. ಹಳಬರು ಪೆಟ್ಟಿಗೆ ಕಟ್ಟಬೇಕು. ಮಕ್ಕಳ ಶಾಲೆ ವರ್ಷದ ನಡುವೆ ಬಿಡಿಸಬೇಕು, ಮನೆ ಮಾರಬೇಕು, ಹೆಂಡತಿಯೋ ಗಂಡನೋ ಇದ್ದ ಕೆಲಸ ಬಿಡಬೇಕು. ಹೆಡ್ ಕೋಚ್ ಕೆಲಸ ಕಳೆದುಕೊಂಡರೂ ಕೋಟಿಗಟ್ಟಲೆ ಬರುತ್ತದೆ. ಅಸಿಸ್ಟೆಂಟ್ ಕೋಚ್ ಜನವರಿಯಲ್ಲಿ ಕೋಚ್‌ಗಳ ಸಮಾವೇಶಕ್ಕೆ ಹೋಗಿ, ಹೋಟೆಲ್ ಲಾಬಿಯಲ್ಲಿ ನಿಂತು ಪರಿಚಯದವರನ್ನು ಹುಡುಕುತ್ತಾರೆ.

ಈ ಅವಸ್ಥೆ ನಮಗೆ ಹೊಸದಲ್ಲ. ಮೇಲಿನವರು ಮಾಡಿದ ಲೆಕ್ಕಾಚಾರಕ್ಕೆ ಕೆಳಗಿನವರು ಕೆಲಸ ಕಳೆದುಕೊಳ್ಳುವುದು ನಮ್ಮ ಐ.ಟಿ. ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವುದು ಅರವತ್ತು ದಿನ. ಆ ಅರವತ್ತು ದಿನದ ನಿದ್ದೆ ಹೇಗಿರುತ್ತದೆ ಎಂದು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಅಂಥ ನಾವು ಇನ್ನೊಬ್ಬರ ಕೆಲಸ ತೆಗೀರಿ ಎಂದು ಲಕ್ಷ ಜನರ ನಡುವೆ ನಿಂತು ತಾಳ ಹಾಕುವುದು ನನಗೆ ನೋಡಲು ಆಗುವುದಿಲ್ಲ.

‘ಕಾಲ ಬದಲಾಗಿದೆ, ಈಗ ಕಾಯಬೇಕಾಗಿಲ್ಲ’ ಎಂದು ಕೆಲವರು ನನ್ನ ಜೊತೆ ವಾದ ಮಾಡಿದ್ದಾರೆ. ಈ ವಾದದಲ್ಲಿ ಹುರುಳಿದೆ. ಮೊದಲು ಕೋಚ್ ಹದಿನೇಳು ಹದಿನೆಂಟು ವರ್ಷದ ಹುಡುಗರನ್ನು ತಂದು, ಮೂರ‍್ನಾಲ್ಕು ವರ್ಷ ತಿದ್ದಿ ತಂಡ ಕಟ್ಟಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಬೇರೆ ಯೂನಿವರ್ಸಿಟಿಗೆ ಹೋಗಬಯಸುವ ಆಟಗಾರರು ಹೆಸರು ಹಾಕಿಸುವ ಪಟ್ಟಿ, ಬಂತು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ಯೂನಿವರ್ಸಿಟಿಗೆ ಹೋಗಬಹುದು. ಅದೇ ವರ್ಷದ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಯೂನಿವರ್ಸಿಟಿಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ. ಮೊದಲ ವರ್ಷದ ಮಿತಿ ಒಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್. ಇಡೀ ತಂಡವನ್ನು ಒಂದೇ ಚಳಿಗಾಲದಲ್ಲಿ ಬದಲಿಸುವುದು ಈಗ ಸಾಧ್ಯ. ಇಂಡಿಯಾನ ಅದನ್ನು ಮಾಡಿ ತೋರಿಸಿತು. 2023ರಲ್ಲಿ ಮೂರೇ ಗೆಲುವು ಕಂಡಿದ್ದ ತಂಡ, ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಮರುವರ್ಷ ಓಹಾಯೋ ಸ್ಟೇಟ್‌ನ ಸೋಲಿಸಿ ಬಿಗ್ ಟೆನ್ ಗೆದ್ದಿತು.

ಇಂಡಿಯಾನ ನೋಡಿದ ಮೇಲೆ ‘ಅವರಿಗಾದರೆ ನಮಗ್ಯಾಕಾಗಲ್ಲ’ ಎಂದು ಎಲ್ಲರಿಗೂ ಅನ್ನಿಸುವುದು ಸಹಜ. ಆದರೆ ಪೋರ್ಟಲ್‌ಗೆ ಎರಡು ಕಡೆ ಬಾಗಿಲಿದೆ. ಕೋಚ್ ಹೋದರೆ ಆಟಗಾರರೂ ಹೊರಟು ಹೋಗಬಹುದು. ಅದಕ್ಕೆಂದೇ ನಿಯಮದಲ್ಲಿ ಪ್ರತ್ಯೇಕ ಅವಕಾಶ ಇದೆ. ಹೊಸಬರು ಬಂದು ನೋಡುವಾಗ ಲಾಕರ್ ರೂಮ್ ಅರ್ಧ ಖಾಲಿ. ಒಂದು ಇಂಡಿಯಾನಕ್ಕೆ ಎದುರಾಗಿ, ಕೋಚ್ ಬದಲಿಸಿ ಇದ್ದುದನ್ನೂ ಕಳೆದುಕೊಂಡ ಹಲವು ಊರುಗಳಿವೆ. ಅದರಲ್ಲಿ ಒಂದು ಊರಲ್ಲಿ ನಾನು ವಾಸ ಮಾಡುತ್ತಿದ್ದೇನೆ. ಅದರ ಕಥೆಯನ್ನು ಪೂರ್ತಿ ಹೇಳಲೇಬೇಕು.

ನೆಬ್ರಾಸ್ಕ. ಹತ್ತಿರದಲ್ಲಿ ಸಮುದ್ರ ಇಲ್ಲ, ಬೆಟ್ಟ ಇಲ್ಲ, ದೊಡ್ಡ ವೃತ್ತಿಪರ ತಂಡವೂ ಇಲ್ಲ. ಇರುವುದು ಮೆಕ್ಕೆಜೋಳದ ಹೊಲ ಮತ್ತು ಕೆಂಪು ಅಂಗಿ ಹಾಕಿದ ಜನ. ಇಲ್ಲಿನ ಮೆಮೋರಿಯಲ್ ಸ್ಟೇಡಿಯಂನ ಟಿಕೆಟ್‌ಗಳು 1962ರಿಂದ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತಾ ಬಂದಿವೆ ಎಂಬುದು ಊರಿನ ಹೆಮ್ಮೆ. ಬಾಬ್ ಡಿವೇನಿ 1970 ಮತ್ತು 1971ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. 1973ರಲ್ಲಿ ಅವರ ಶಿಷ್ಯ ಟಾಮ್ ಆಸ್ಬೋರ್ನ್ ಬಂದರು.

ಆಸ್ಬೋರ್ನ್ ಕಡು ಎದುರಾಳಿ ಒಕ್ಲಹೋಮಕ್ಕೆ ಮೊದಲ ಐದು ವರ್ಷವೂ ಸೋತರು. ಐದು ವರ್ಷ! ‘ಒಳ್ಳೆಯವನು, ಆದರೆ ದೊಡ್ಡ ಪಂದ್ಯ ಗೆಲ್ಲಲ್ಲ’ ಎಂಬ ಮಾತು ಆಗ ಇಲ್ಲಿ ಎಲ್ಲರ ಬಾಯಲ್ಲಿತ್ತು. ಫ್ರಾಂಕ್ಲಿನ್ ಬಗ್ಗೆ ಪೆನ್ ಸ್ಟೇಟ್‌ನವರು ಹೇಳಿದ್ದೂ ಇದೇ. ಆಸ್ಬೋರ್ನ್ 1978ರಲ್ಲಿ ಕೊನೆಗೂ ಒಕ್ಲಹೋಮವನ್ನು ಸೋಲಿಸಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದು 1994ರಲ್ಲಿ. ಅದು ಅವರ 22ನೇ ಸೀಸನ್. ಮರುವರ್ಷ ಇನ್ನೊಂದು. 1997ರಲ್ಲಿ ಮೂರನೆಯದು ಗೆದ್ದು ನಿವೃತ್ತರಾದರು. 25 ವರ್ಷ, 255 ಗೆಲುವು, 49 ಸೋಲು, 3 ಸಮ. ಅಷ್ಟೂ ವರ್ಷ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆದ್ದ ಸೀಸನ್ ಒಂದೂ ಇಲ್ಲ.

ಅವರ ಜಾಗಕ್ಕೆ ಫ್ರಾಂಕ್ ಸೋಲಿಚ್ ಬಂದರು. ಇಲ್ಲೇ ಆಡಿದವರು, ಆಸ್ಬೋರ್ನ್ ಕೈಕೆಳಗೆ ವರ್ಷಗಟ್ಟಲೆ ದುಡಿದವರು. 2001ರ ಸೀಸನ್‌ನಲ್ಲಿ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದರು. 2002ರಲ್ಲಿ ಏಳು ಗೆಲುವು, ಏಳು ಸೋಲು. 2003ರಲ್ಲಿ ಮತ್ತೆ ಚೇತರಿಸಿಕೊಂಡು ಒಂಬತ್ತು ಗೆದ್ದು ಮೂರು ಸೋತರು. ಕೊನೆಯ ಪಂದ್ಯದಲ್ಲಿ ಕೊಲೊರಾಡೊವನ್ನು ಅದರ ಊರಲ್ಲೇ ಸೋಲಿಸಿ ಬಂದರು. ಮಾರನೇ ದಿನ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥ, ಅಂದರೆ ಅಥ್ಲೆಟಿಕ್ ಡೈರೆಕ್ಟರ್, ಸ್ಟೀವ್ ಪೆಡರ್ಸನ್ ಅವರನ್ನು ಕಳಿಸಿದರು. ತಂಡ ಸಾಧಾರಣವಾಗಲು ಬಿಡುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಸೋಲಿಚ್ ಆರು ವರ್ಷದಲ್ಲಿ 58 ಗೆದ್ದು 19 ಸೋತಿದ್ದರು.

ಮುಂದಿನ ಕೋಚ್ ಸಿಗಲು ಜನವರಿ ಬಂತು. ಬಿಲ್ ಕ್ಯಾಲಹನ್. ಅವರ ಮೊದಲ ಸೀಸನ್, 2004, ಐದು ಗೆಲುವು, ಆರು ಸೋಲು. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ಸೀಸನ್ ಅದು. ವರ್ಷ ತಪ್ಪದೆ ಬೌಲ್ ಪಂದ್ಯ ಆಡುತ್ತಿದ್ದ 35 ವರ್ಷದ ಸಾಲು ಅಲ್ಲಿಗೆ ಕಡಿಯಿತು. 2007ರಲ್ಲಿ ಪೆಡರ್ಸನ್ ಹೋದರು, ಕ್ಯಾಲಹನ್ ಹೋದರು. ಊರು ಆಸ್ಬೋರ್ನ್ ಅವರನ್ನೇ ಮತ್ತೆ ಕರೆದು ಅಥ್ಲೆಟಿಕ್ ಡೈರೆಕ್ಟರ್ ಮಾಡಿತು.

ಬೊ ಪೆಲಿನಿ ಬಂದರು. 2008ರಿಂದ 2014ರವರೆಗೆ ಏಳು ವರ್ಷ. ಪ್ರತಿ ವರ್ಷವೂ ಕನಿಷ್ಠ ಒಂಬತ್ತು ಗೆಲುವು. ಸಿಡುಕಿನ ಮನುಷ್ಯ, ಅಭಿಮಾನಿಗಳನ್ನು ಬೈದ ಧ್ವನಿಮುದ್ರಣವೂ ಹೊರಬಂದಿತ್ತು. ಅದು ಒಪ್ಪುವ ಮಾತಲ್ಲ. ಆದರೆ ಅವರ ಮೇಲಿದ್ದ ದೊಡ್ಡ ದೂರು ‘ಒಂಬತ್ತು, ಹತ್ತಕ್ಕಿಂತ ಮೇಲೆ ಹೋಗುವುದಿಲ್ಲ’ ಎಂಬುದು. ಒಂಬತ್ತು ಗೆದ್ದು ಮೂರು ಸೋತ ವರ್ಷವೇ ಅವರನ್ನೂ ಕಳಿಸಿದರು.

ಅಲ್ಲಿಂದ ಮುಂದೆ ಇಳಿಜಾರು. ಮೈಕ್ ರೈಲಿ ಮೂರು ವರ್ಷ, 19 ಗೆಲುವು, 19 ಸೋಲು. ಸ್ಕಾಟ್ ಫ್ರಾಸ್ಟ್, 1997ರ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು), ಊರಿನ ಮಗ. 16 ಗೆಲುವು, 31 ಸೋಲು. ಫ್ರಾಸ್ಟ್ ವಿಷಯದಲ್ಲಿ ಊರು ತಾಳ್ಮೆ ತೋರಿಸಿತ್ತು, ಒಪ್ಪುತ್ತೇನೆ. ಅಷ್ಟು ಸೋತವರನ್ನು ಬದಲಿಸಲೇಬೇಕಿತ್ತು. ಆದರೆ ಬದಲಿಸಿದ ರೀತಿ ನೋಡಿ. 2022ರ ಸೆಪ್ಟೆಂಬರ್ 10ಕ್ಕೆ ಜಾರ್ಜಿಯಾ ಸದರ್ನ್ ಎದುರು ಸೋತರು. 11ಕ್ಕೆ ಕಳಿಸಿದರು. ಬೈಔಟ್ 1.5 ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅದು ಅರ್ಧಕ್ಕೆ, 75 ಲಕ್ಷ ಡಾಲರ್‌ಗೆ ಇಳಿಯುತ್ತಿತ್ತು. ಮೂರು ವಾರ ತಾಳಲಾರದೆ 75 ಲಕ್ಷ ಡಾಲರ್ ಹೆಚ್ಚು ಕೊಟ್ಟರು.

2016ರ ನಂತರ ನೆಬ್ರಾಸ್ಕ ಮತ್ತೆ ಬೌಲ್ ಪಂದ್ಯ ಆಡಿದ್ದು 2024ರಲ್ಲಿ. ಒಂಬತ್ತು ಗೆಲುವು ಸಾಲದು ಅಂತ ಇಬ್ಬರನ್ನು ಕಳಿಸಿದ ಊರು ಆರನೇ ಗೆಲುವಿಗೆ ಕುಣಿದಾಡಿತು. ಸೋಲಿಚ್ ಏನಾದರು ಗೊತ್ತಾ? ಓಹಾಯೋ ಯೂನಿವರ್ಸಿಟಿ ಎಂಬ ಸಣ್ಣ ಕಡೆ ಹೋಗಿ 2005ರಿಂದ 2020ರವರೆಗೆ ಕೆಲಸ ಮಾಡಿದರು. ಅದು ಆಡುವ ಮಿಡ್ ಅಮೆರಿಕನ್ ಕಾನ್ಫರೆನ್ಸ್ ಎಂಬ ಲೀಗ್‌ನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದರು.

‘ಇದು ಒಂದೇ ಊರಿನ ಕಥೆ’ ಅನ್ನಬಹುದು. ಮೂವರು ರಾಜಕೀಯ ವಿಜ್ಞಾನಿಗಳು 1997ರಿಂದ 2010ರವರೆಗೆ ಕೋಚ್ ಬದಲಿಸಿದ ತಂಡಗಳನ್ನು ಲೆಕ್ಕ ಹಾಕಿ ನೋಡಿದ್ದಾರೆ. ಬದಲಿಸದ, ಆದರೆ ಅದೇ ಸ್ಥಿತಿಯಲ್ಲಿದ್ದ ತಂಡಗಳ ಜೊತೆ ಹೋಲಿಸಿದ್ದಾರೆ. ತೀರಾ ಕೆಳಗಿದ್ದ ತಂಡಗಳಿಗೆ ಕೋಚ್ ಬದಲಿಸಿದ್ದರಿಂದ ಹೆಚ್ಚೇನೂ ಲಾಭ ಆಗಲಿಲ್ಲ. ಮಧ್ಯಮ ಮಟ್ಟದಲ್ಲಿದ್ದ ತಂಡಗಳು ಬದಲಿಸದವರಿಗಿಂತ ಹಿಂದೆ ಬಿದ್ದವು. ನೆಬ್ರಾಸ್ಕದವರಿಗೆ ಇದನ್ನು ತಿಳಿಯಲು ಲೆಕ್ಕ ಬೇಕಾಗಲಿಲ್ಲ.

ವರ್ಜೀನಿಯಾ ಟೆಕ್‌ನಲ್ಲಿ ಓದಿದ ಗೆಳೆಯರೇ, ನಿಮಗೆ ಒಂದು ಮಾತು. ಫ್ರಾಂಕ್ ಬೀಮರ್ 1987ರಲ್ಲಿ ನಿಮ್ಮಲ್ಲಿಗೆ ಬಂದರು. ಮೊದಲ ವರ್ಷ ಎರಡು ಗೆಲುವು, ಒಂಬತ್ತು ಸೋಲು. ಆರನೇ ವರ್ಷ, 1992ರಲ್ಲಿ, ಎರಡು ಗೆಲುವು, ಎಂಟು ಸೋಲು, ಒಂದು ಸಮ. ಆರು ವರ್ಷದ ಒಟ್ಟು ಲೆಕ್ಕ 24 ಗೆಲುವು, 40 ಸೋಲು, 2 ಸಮ. ಅಥ್ಲೆಟಿಕ್ ಡೈರೆಕ್ಟರ್ ಡೇವ್ ಬ್ರೇನ್ ಅವರನ್ನು ಉಳಿಸಿಕೊಂಡರು. ಮರುವರ್ಷವೇ ಒಂಬತ್ತು ಗೆಲುವು. ಅಲ್ಲಿಂದ ಸತತ 23 ವರ್ಷ ಬೌಲ್ ಪಂದ್ಯ. 1999ರ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಮೈಕಲ್ ವಿಕ್ ಜೊತೆ ರಾಷ್ಟ್ರೀಯ ಫೈನಲ್. ಯೂನಿವರ್ಸಿಟಿ ಇರುವ ಬ್ಲಾಕ್ಸ್‌ಬರ್ಗ್ ಎಂಬ ಪುಟ್ಟ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಇವತ್ತಿನ ಲೆಕ್ಕದಲ್ಲಿ ಬೀಮರ್‌ಗೆ ನಾಲ್ಕನೇ ವರ್ಷವೇ ಸಿಗುತ್ತಿರಲಿಲ್ಲ. ಅದೇ ಯೂನಿವರ್ಸಿಟಿ 2025ರಲ್ಲಿ ಪ್ರೈ ಅವರನ್ನು ಸೀಸನ್‌ನ ಮೂರನೇ ಪಂದ್ಯಕ್ಕೇ ಕಳಿಸಿತು. ಪ್ರೈ ಇನ್ನೊಬ್ಬ ಬೀಮರ್ ಆಗುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಸೋಲುಗಳು ಗೆಲುವಿಗಿಂತ ಹೆಚ್ಚಿದ್ದವು. ನವೆಂಬರ್‌ವರೆಗೆ ಕಾದಿದ್ದರೆ ಏನು ನಷ್ಟ ಆಗುತ್ತಿತ್ತು ಎಂದು ಕೇಳುತ್ತಿದ್ದೇನೆ.

ನಮ್ಮ ಆರ್‌ಸಿಬಿ ನೆನಪಿದೆಯಲ್ಲ? 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಒಂದೇ ಗೆಲುವು. ಕೋಚ್ ಆ್ಯಂಡಿ ಫ್ಲವರ್‌ಗೆ ಅದು ಮೊದಲ ವರ್ಷ. ಅವರನ್ನು ಉಳಿಸಿಕೊಂಡರು. ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದರು. 2025ರ ಜೂನ್ 3ಕ್ಕೆ ಅಹಮದಾಬಾದ್‌ನಲ್ಲಿ ಕಪ್ ಎತ್ತಿದರು. ಅವತ್ತು ಬೆಳಗ್ಗೆ ಆಫೀಸಿಗೆ ರಜೆ ಹಾಕಿ ಟಿವಿ ಮುಂದೆ ಕೂತು ಅತ್ತವರು ನಾವೇ. 18 ಸೀಸನ್ ಕಾದ ಜನ ನಾವು. ಶನಿವಾರದ ತಂಡಕ್ಕೆ ಮೂರು ವಾರ ಕೊಡಲು ಆಗುವುದಿಲ್ಲವೇ?

ಕೋಚ್‌ನ ತೆಗೆಯಲೇಬಾರದು ಎಂಬುದು ನನ್ನ ಮಾತಲ್ಲ. ತೆಗೆಯಬೇಕಾದ ಕಾರಣಗಳಿವೆ, ಅಲ್ಲಿ ಒಂದು ದಿನವೂ ತಡ ಆಗಬಾರದು. 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ 19 ವರ್ಷದ ಆಟಗಾರನೊಬ್ಬ ತಂಡದ ವ್ಯಾಯಾಮದ ವೇಳೆ ಬಿಸಿಲಿನ ಹೊಡೆತಕ್ಕೆ ಕುಸಿದ. ಎರಡು ವಾರದ ಮೇಲೆ ತೀರಿಕೊಂಡ. ಸರಿಯಾದ ಚಿಕಿತ್ಸೆ ಹೊತ್ತಿಗೆ ಸಿಕ್ಕಿರಲಿಲ್ಲ. ಅಷ್ಟಾದರೂ ಅಕ್ಟೋಬರ್ ಕೊನೆಗೆ ಯೂನಿವರ್ಸಿಟಿಯ ಮಂಡಳಿ ಕೋಚ್ ಡಿ.ಜೆ. ಡರ್ಕಿನ್ ಅವರನ್ನು ಕೆಲಸದಲ್ಲಿ ಮುಂದುವರಿಸಲು ತೀರ್ಮಾನಿಸಿತು. ವಿದ್ಯಾರ್ಥಿಗಳು, ಜನಪ್ರತಿನಿಧಿಗಳು ಸಿಟ್ಟಿಗೆದ್ದರು. ಮಾರನೇ ದಿನವೇ ಯೂನಿವರ್ಸಿಟಿ ಅಧ್ಯಕ್ಷರು ಅವರನ್ನು ಕಳಿಸಿದರು. ಆ ಸಿಟ್ಟು ಬೇಕಾಗಿತ್ತು. ಹುಡುಗರ ಜೀವ, ಆರೋಗ್ಯ, ಓದು ಇವಕ್ಕೆ ಕುತ್ತು ಬಂದಾಗ ಕೂಗಿ, ನಾನೂ ನಿಮ್ಮ ಜೊತೆ ಕೂಗುತ್ತೇನೆ. ಕಷ್ಟ ಏನೆಂದರೆ, ಮೂರನೇ ಡೌನ್‌ಗೆ (ಮೂರನೇ ಯತ್ನಕ್ಕೆ) ಚೆಂಡು ಎಸೆಯಲಿಲ್ಲ ಅಂತ ಪ್ರತಿ ವಾರ ಕೂಗಿದರೆ ಇಂಥ ದಿನದ ಕೂಗೂ ಅದೇ ಗದ್ದಲದಲ್ಲಿ ಕಳೆದುಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತಿದೆ. 2025ರ ಮೇನಲ್ಲಿ ಪೆನ್ ಸ್ಟೇಟ್‌ನ ಟ್ರಸ್ಟಿಗಳು ತಮ್ಮ ಏಳು ಸಣ್ಣ ಕ್ಯಾಂಪಸ್‌ಗಳನ್ನು ಮುಚ್ಚಲು ತೀರ್ಮಾನಿಸಿದರು. ಐದು ತಿಂಗಳ ನಂತರ ಕೋಟ್ಯಂತರ ಡಾಲರ್‌ನ ಬೈಔಟ್‌ಗೆ ಸಿದ್ಧರಾದರು. ಇಲ್ಲಿ ಲಿಂಕನ್‌ನಲ್ಲಿ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿ ಆಡಳಿತ ಮಂಡಳಿಯ ಸದಸ್ಯರಾದ ರೀಜೆಂಟರು 2.75 ಕೋಟಿ ಡಾಲರ್ ಖರ್ಚು ಕಡಿತದ ಭಾಗವಾಗಿ ನಾಲ್ಕು ವಿಭಾಗಗಳನ್ನು ಮುಚ್ಚಲು ಮತ ಹಾಕಿದರು. ಅದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಕೂಡ ಒಂದು. ಅಥ್ಲೆಟಿಕ್ ಇಲಾಖೆಯ ದುಡ್ಡು ಬೇರೆ, ಪಾಠದ ದುಡ್ಡು ಬೇರೆ ಎಂದು ಅಧಿಕಾರಿಗಳು ಹೇಳುತ್ತಾರೆ. ದೊಡ್ಡ ಯೂನಿವರ್ಸಿಟಿಗಳಲ್ಲಿ ಅದು ಬಹುಮಟ್ಟಿಗೆ ನಿಜ. ಬೈಔಟ್ ಹಣ ಟಿವಿ ಆದಾಯದಿಂದ, ಟಿಕೆಟ್‌ನಿಂದ, ದೊಡ್ಡ ದಾನಿಗಳಿಂದ ಬರುತ್ತದೆ. ಆದರೆ ದಾನಿ ಚೆಕ್ ಬರೆಯುವಾಗ ಯಾವುದಕ್ಕೆ ಬರೆಯುತ್ತಾರೆ ಎಂಬುದು ಊರಿನ ಗದ್ದಲದ ಮೇಲೆ ನಿಂತಿದೆ. ಕೋಚ್‌ನ ಕಳಿಸಲು ಒಂದು ರಾತ್ರಿಯಲ್ಲಿ ದುಡ್ಡು ಕೂಡುತ್ತದೆ. ಒಂದು ವಿಭಾಗ ಉಳಿಸಲು ಯಾರೂ ಸ್ಟೇಡಿಯಂನಲ್ಲಿ ಕೂಗಲಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಸೋತಾಗ ಬೇಸರ ಮಾಡಿಕೊಳ್ಳಿ, ಆಟದ ತಂತ್ರ ಟೀಕಿಸಿ, ಮನೆಯಲ್ಲಿ ಕಾಫಿ ಕುಡಿಯುತ್ತಾ ರಾತ್ರಿ ಹನ್ನೆರಡರವರೆಗೆ ಜಗಳ ಆಡಿ. ಸೀಸನ್ ನಡುವೆ ‘ಕೋಚ್‌ನ ತೆಗೀರಿ’ ಎಂಬ ಕೂಗಿಗೆ ಸೇರಬೇಡಿ. ಆ ಬರಹದ ಟೀ ಶರ್ಟ್ ಕೊಳ್ಳಬೇಡಿ. ನಿಮ್ಮ ಮಗ, ಮಗಳ ಶಾಲೆಯಲ್ಲಿ ಅಸಿಸ್ಟೆಂಟ್ ಕೋಚ್‌ಗಳ ಮಕ್ಕಳೂ ಓದುತ್ತಿರುತ್ತಾರೆ. ಸೋಮವಾರ ಆ ಮಕ್ಕಳಿಗೆ ಯಾರೂ ಏನೂ ಅನ್ನದಂತೆ ಮನೆಯಲ್ಲಿ ಒಂದು ಮಾತು ಹೇಳಿ.

ಹಳೆ ವಿದ್ಯಾರ್ಥಿ ಸಂಘಕ್ಕೆ ಚಂದಾ ಕೊಡುವವರು ಒಂದು ಸಾಲು ಬರೆದು ಕೊಡಿ: ನನ್ನ ಹಣ ಯಾವ ಬೈಔಟ್‌ಗೂ ಹೋಗಬಾರದು, ಇಂಥ ವಿಭಾಗಕ್ಕೆ, ಇಂಥ ಸ್ಕಾಲರ್‌ಶಿಪ್‌ಗೆ ಹೋಗಬೇಕು. ಹಾಗೆ ಗೊತ್ತುಮಾಡಿ ಕೊಡುವ ದಾರಿ ಬಹುತೇಕ ಎಲ್ಲ ಯೂನಿವರ್ಸಿಟಿಗಳಲ್ಲೂ ಇದೆ.

ಇನ್ನು ಪೌರತ್ವ ಪಡೆದವರಿಗೆ. ನೆಬ್ರಾಸ್ಕದಲ್ಲಿ ಯೂನಿವರ್ಸಿಟಿಯ ಎಂಟು ರೀಜೆಂಟರನ್ನು ಜಿಲ್ಲಾವಾರು ಮತ ಹಾಕಿ ಆರಿಸುತ್ತೇವೆ. ಮಿಶಿಗನ್‌ನಲ್ಲೂ, ಕೊಲೊರಾಡೊದಲ್ಲೂ ಯೂನಿವರ್ಸಿಟಿ ಮಂಡಳಿಗೆ ಚುನಾವಣೆ ಇದೆ. ಮತಪತ್ರದಲ್ಲಿ ಆ ಹೆಸರುಗಳು ಕೆಳಗೆಲ್ಲೋ ಇರುತ್ತವೆ, ಬಹಳ ಜನ ಅಲ್ಲಿಗೆ ಬರುವ ಹೊತ್ತಿಗೆ ಸಾಕಾಗಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅಭ್ಯರ್ಥಿಗಳು ಸಭೆ ಮಾಡಿದಾಗ ಹೋಗಿ ಮೂರು ಪ್ರಶ್ನೆ ಕೇಳಿ. ಕೋಚ್‌ಗೆ ಪೂರ್ತಿ ಖಾತ್ರಿ ಹಣದ ಒಪ್ಪಂದ ಬಂದರೆ ನೀವು ಮತ ಹಾಕುತ್ತೀರಾ? ಸೀಸನ್ ಮುಗಿಯುವವರೆಗೆ ಕಾಯಬೇಕೆಂಬ ನಿಯಮಕ್ಕೆ ಒಪ್ಪುತ್ತೀರಾ? ಹೆಡ್ ಕೋಚ್ ಹೋದಾಗ ಕೆಳಗಿನ ಸಿಬ್ಬಂದಿಗೆ ಕನಿಷ್ಠ ಆರು ತಿಂಗಳ ಸಂಬಳ, ಆರೋಗ್ಯ ವಿಮೆ ಕೊಡಿಸುತ್ತೀರಾ? ನಮ್ಮ ಜಿಲ್ಲೆಯ ಸಭೆಯಲ್ಲಿ ನಾನು ಇವನ್ನು ಕೇಳುತ್ತೇನೆ. ನಿಮ್ಮ ಕಡೆ ನೀವು ಕೇಳಿ, ಏನು ಉತ್ತರ ಬಂತು ಎಂದು ಎಲ್ಲರಿಗೂ ತಿಳಿಸಿ.

ವಿಶ್ವಾಸದಿಂದ,
ಲಿಂಕನ್‌ನ ಒಬ್ಬ ಕನ್ನಡಿಗ